ಎಲೆಯಿಲ್ಲದ ಊರಿಗೆ ಹೊರಟ ನಮ್ಮ ಅತ್ತೆ

ನಮ್ಮ ಅತ್ತೆಯವರ ಬಲಗೈ ಹೆಬ್ಬೆರಳಿನ ಉಗುರು ಚಳಿಗಾಲ ಪೂರ್ತಿ ನೀಲಿಯಾಗಿರುತ್ತಿತ್ತು. ದ್ರಾಕ್ಷಿ ಬಳ್ಳಿಗೆ ಹೊಡೆಯುವ ಮೈಲುತುತ್ತದ ಬಣ್ಣ ಅದು. ಸಾಬೂನು, ಹುಣಸೆಹಣ್ಣು ಯಾವುದಕ್ಕೂ ಜಗ್ಗುತ್ತಿರಲಿಲ್ಲ. ನನ್ನನ್ನು ನೋಡಲು ಮೊದಲ ಸಲ ಬಂದಾಗ, ನಮ್ಮವ್ವ ಹೆಮ್ಮೆಯಿಂದ ಮುಂದಿಟ್ಟ ನನ್ನ ಕಸೂತಿ ಬಟ್ಟೆಯನ್ನು ಅವರು ಆ ಬೆರಳಿನಿಂದಲೇ ಹೊಳ್ಳಿಸಿ ಹಿಂಬದಿ ನೋಡಿದ್ದರು. ಕಸೂತಿಯಲ್ಲಿ ಗಂಟು ಇರಬಾರದು, ನನ್ನದರಲ್ಲಿ ಬೇಕಾದಷ್ಟಿದ್ದವು. ಅವರು ಸ್ವಲ್ಪ ಹೊತ್ತು ನೋಡಿ, "ಗಂಟ ಭಾಳ ಅದಾವ. ಆದ್ರ ಹುಡುಗಿ ಮುಚ್ಚಿಟ್ಟಿಲ್ಲ. ನಡೀತೈತಿ" ಎಂದರು. ನನ್ನ ಮದುವೆ ನಿಶ್ಚಯವಾದದ್ದು ಹಾಗೆ.

ಹೊಳ್ಳಿಸಿ ನೋಡುವುದು ಅವರ ಕೈಗೆ ಅಂಟಿದ ಚಾಳಿ. ಬಳ್ಳಿಯ ರೋಗ ಎಲೆಯ ಹಿಂಬದಿಯಿಂದ ಶುರುವಾಗುತ್ತದೆ. ಮೇಲಿನಿಂದ ನೋಡಿದರೆ ಹಸಿರು ಹಸಿರಾಗಿ ಚೆಂದವೇ ಇರುತ್ತದೆ. ಹೀಗಾಗಿ ತಟ್ಟೆಗೆ ಬಿದ್ದ ರೊಟ್ಟಿ, ಅಂಗಡಿಯವನು ಹಾಸಿದ ಸೀರೆ, ನಾನು ಕಲಿಸುವ ಶಾಲೆಯಲ್ಲಿ ನನಗೆ ಕೊಟ್ಟ ಸನ್ಮಾನದ ಫಲಕ, ಎಲ್ಲವನ್ನೂ ಒಮ್ಮೆ ಹೊಳ್ಳಿಸಿಯೇ ಕೆಳಗಿಡುತ್ತಿದ್ದರು. "ಮ್ಯಾಲ ಎಲ್ಲಾನೂ ಚಂದನ ಇರತೈತಿ ಬೇ" ಅನ್ನುವುದು ಅವರ ಮಾತು.

ನಾನು, ನನ್ನ ಯಜಮಾನರು ವಿಜಯಪುರದಲ್ಲಿ, ಗೋಳಗುಮ್ಮಟದ ಹಿಂದಿನ ಓಣಿಯಲ್ಲಿ ಇದ್ದೆವು. ಅತ್ತೆ ಕಳ್ಳಕವಟಗಿಯ ತೋಟದಲ್ಲಿ. ಮಾವ ತೀರಿದ ಮೇಲೆ ತೋಟದಲ್ಲಿ ಅವರದೇ ಕಾರಭಾರ, ಅದರಲ್ಲಿ ಅವರಿಗೆ ಮಹಾ ಖುಷಿ. ದಸರೆಯ ಸುಮಾರಿಗೆ ಬಳ್ಳಿಯ ಚಾಟಣಿ, ಅಂದರೆ ಕತ್ತರಿಸುವ ಕೆಲಸ, ಮುಗಿಯಿತೆಂದರೆ ಹಣ್ಣು ಇಳಿಯುವ ತನಕ ಅವರು ತೋಟ ಬಿಟ್ಟು ಕದಲುತ್ತಿರಲಿಲ್ಲ. "ಚಾಟಣಿ ಆದ ಬಳ್ಳಿ ಅಂದ್ರ ಹಸಿ ಬಾಣಂತಿ ಇದ್ದಂಗ, ಬಿಟ್ಟ ಹೋಗಾಕ ಬರಾಂಗಿಲ್ಲ" ಎನ್ನುತ್ತಿದ್ದರು. ಚಳಿಗಾಲದ ಮದುವೆಗಳಿಗೆ ಬಂದರೆ ಅಕ್ಷತೆ ಹಾಕಿ, ಊಟಕ್ಕೂ ನಿಲ್ಲದೆ ಬಸ್ ಹಿಡಿಯುತ್ತಿದ್ದರು. ಮೋಡ ಕಟ್ಟಿದ ದಿನವಂತೂ ಅವರ ಮುಂದೆ ಮಾತು ತೆಗೆಯುವ ಹಾಗಿರಲಿಲ್ಲ. ಮೋಡ ನಿಂತರೆ ಎಲೆಗೆ ರೋಗ. ಅದೇ ದಿನ ಎಣ್ಣೆ ಹೊಡೆಯಬೇಕು. ನಮ್ಮ ಕಡೆ ಬೆಳೆಯ ಔಷಧಕ್ಕೆ ಎಣ್ಣೆ ಎಂದೇ ಹೆಸರು.

ಇಂಥವರಿಗೆ ಮರುಭೂಮಿಯ ಹುಚ್ಚು ಹಿಡಿಸಿದ್ದು ಟಿಕೋಟಾದ ಔಷಧದ ಅಂಗಡಿಯವರು ಕೊಟ್ಟ ಒಂದು ಕ್ಯಾಲೆಂಡರ್. ಅದರಲ್ಲಿ ಜೈಸಲ್ಮೇರಿನ ಚಿತ್ರವಿತ್ತು: ಹಳದಿ ಕಲ್ಲಿನ ಕೋಟೆ, ಸುತ್ತ ಮರಳು, ಮೇಲೆ ಬೋಳು ಆಕಾಶ. ವರ್ಷ ಮುಗಿದರೂ ಕ್ಯಾಲೆಂಡರ್ ಗೋಡೆಯಿಂದ ಇಳಿಯಲಿಲ್ಲ.

"ಒಂದ ಎಲಿ ಕಾಣಾಂಗಿಲ್ಲ ನೋಡ ಬೇ" ಎಂದು ಒಂದು ಭಾನುವಾರ ನನಗೆ ತೋರಿಸಿದರು. "ಮ್ವಾಡನೂ ಇಲ್ಲ. ಇಂಥಾ ಊರಾಗ ನಾಕ ದಿನ ಕುಂತ್ರ ನನ್ನ ಕೈ ಸುಮ್ಮನ ಇರ್ತಾವ. ಹೊಳ್ಳಿಸಿ ನೋಡಾಕ ಏನೂ ಇರೂದಿಲ್ಲಲ್ಲ."

ತೊಡಕು ಇದ್ದದ್ದು ಒಂದೇ. ಮರುಭೂಮಿಗೆ ಹೋಗುವುದಾದರೆ ಚಳಿಗಾಲದಲ್ಲೇ ಹೋಗಬೇಕು. ಚಳಿಗಾಲದಲ್ಲಿ ಅವರು ತೋಟ ಬಿಡುವವರಲ್ಲ. ಆದರೂ ದೀಪಾವಳಿ ಬಂತೆಂದರೆ ತಯಾರಿ ಶುರು. ಸೊಲ್ಲಾಪುರಕ್ಕೆ ಹೋಗಿ ಮುಂದೆ ಎಲ್ಲೆಲ್ಲಿ ಗಾಡಿ ಬದಲಿಸಬೇಕೆಂದು ನನ್ನಿಂದ ಕೇಳಿ ಬಾಯಿಪಾಠ ಮಾಡಿಕೊಂಡಿದ್ದರು. ಕಟಕ ರೊಟ್ಟಿ ಎಷ್ಟು, ಶೇಂಗಾ ಹೋಳಿಗೆ ಎಷ್ಟು, ಗುರೆಳ್ಳು ಚಟ್ನಿಗೆ ಡಬ್ಬಿ ಯಾವುದು ಎಂಬುದು ತೋಟದ ಆಳುಗಳಿಗೂ ಗೊತ್ತಿತ್ತು. ಹೋಗುವ ಮಾತು ಮಾತ್ರ ಮುಂದಿನ ವರ್ಷಕ್ಕೆ ಜಾರುತ್ತಿತ್ತು. ನಾನು ಚೇಷ್ಟೆ ಮಾಡುತ್ತಿದ್ದೆ: "ಅತ್ತಿ, ಮರಳೇ ಬೇಸತ್ತು ಇಲ್ಲಿಗೆ ಬರತೈತಿ ನೋಡ್ರಿ."

ಒಂದು ವರ್ಷ ಮಾತ್ರ ಟಿಕೆಟ್ಟೂ ಆಯಿತು. ಹೊರಡುವ ಹಿಂದಿನ ದಿನವೇ ಗಂಟುಮೂಟೆ ಸಮೇತ ನಮ್ಮ ಮನೆಗೆ ಬಂದರು. ಬೆಳಿಗ್ಗೆ ನಾನು ಚಹಾ ತೆಗೆದುಕೊಂಡು ಮಾಳಿಗೆಗೆ ಹೋದರೆ, ಅವರು ಗುಮ್ಮಟದ ಕಡೆ ಮುಖ ಮಾಡಿ ನಿಂತಿದ್ದರು. ಗುಮ್ಮಟದ ಹಿಂದೆ ಮೋಡ ಕಟ್ಟಿತ್ತು. ಚಹಾ ಕುಡಿದರು, ಚೀಲದಿಂದ ತಮ್ಮ ಎರಡು ಸೀರೆ ತೆಗೆದುಕೊಂಡರು, "ನೀವಿಬ್ಬರು ಹೋಗಿ ಬರ್ರಿ" ಎಂದು ಟಿಕೋಟಾ ಬಸ್ಸಿಗೆ ನಡೆದರು. ನಾವೂ ಹೋಗಲಿಲ್ಲ. ನನಗೆ ವಿಪರೀತ ಸಿಟ್ಟು ಬಂದಿತ್ತು. ಮದುವೆಯಾದಾಗಿನಿಂದ ಊರು ಬಿಟ್ಟು ಎಲ್ಲಿಗೂ ಹೋಗಿರದ ನಾನು ಅಡುಗೆಮನೆಯಲ್ಲಿ ಕೂತು ಅಳುತ್ತಲೇ ಹೋಳಿಗೆ ತಿಂದೆ.

ಆ ಸಲ ಅಕ್ಕಪಕ್ಕದ ಕೆಲವು ತೋಟ ಕೆಟ್ಟವು, ನಮ್ಮದು ಉಳಿಯಿತು. ಮುಂದಿನ ಭಾನುವಾರ ಅವರು ನನ್ನನ್ನು ಬಳ್ಳಿಯ ಸಾಲಿನಲ್ಲಿ ನಡೆಸಿಕೊಂಡು ಹೋಗಿ ಎಲೆ ಹೊಳ್ಳಿಸುವುದನ್ನು ಕಲಿಸಿದರು. ಬಿಳಿ ಬೂಷ್ಟು ಹೇಗೆ ಕಾಣುತ್ತದೆ, ಯಾವ ದಿಕ್ಕಿನ ಮೋಡ ನಿಲ್ಲುತ್ತದೆ, ಯಾವುದು ಸುಮ್ಮನೆ ದಾಟಿ ಹೋಗುತ್ತದೆ, ಎಣ್ಣೆ ಎಷ್ಟಕ್ಕೆ ಎಷ್ಟು ನೀರು. "ಸಿಟ್ಟ ಹೋತೇನ?" ಎಂದು ಕೇಳಿದರು. ಅರ್ಧ ಹೋಗಿದೆ ಎಂದೆ. "ಅರ್ಧ ಇರ್ಲಿ, ನನಗ ನೆನಪ ಮಾಡಾಕ ಬೇಕಾಗತೈತಿ" ಎಂದು ನಕ್ಕರು.

ದಾರಿ ತೆಗೆದವರು ಬದುವಿನಾಚೆಯ ತೋಟದ ಕಾಕಿ. ಅವರಿಗೂ ನಮ್ಮ ಅತ್ತೆಗೂ ಯಾರ ಹಣ್ಣು ಸಿಹಿ ಎಂಬ ಬಗ್ಗೆ ಪ್ರತಿ ವರ್ಷ ಮಾತು ಬೆಳೆಯುತ್ತಿತ್ತು. ನಮ್ಮ ಕಡೆ ಮುಯ್ಯಿಯ ಪದ್ಧತಿಯಿದೆ: ಇವತ್ತು ನೀನು ನನ್ನ ಹೊಲದಲ್ಲಿ ದುಡಿದರೆ ನಾಳೆ ನಾನು ನಿನ್ನ ಹೊಲದಲ್ಲಿ. ಕಳೆ ತೆಗೆಯಲು, ಹಣ್ಣು ಇಳಿಸಲು ಮುಯ್ಯಿ ನಡೆಯುತ್ತದೆ. ಆದರೆ ಮೋಡ ನೋಡಿ ಎಣ್ಣೆ ಹೊಡೆಯುವುದನ್ನು ಯಾರೂ ಇನ್ನೊಬ್ಬರಿಗೆ ಬಿಡುವುದಿಲ್ಲ. ಒಂದು ದಿನ ತಪ್ಪಿದರೆ ವರ್ಷದ ಫಸಲು ಹೋಯಿತು. ಮರುವರ್ಷ ಕಾಕಿ ಬದುವಿನ ಮೇಲೆ ನಿಂತು ಅದನ್ನೇ ತಮಗೆ ಬಿಡಲು ಕೇಳಿದರು: "ನಿನ್ನ ತೋಟಕ್ಕ ನಾ ನಿಲ್ತೀನಿ, ಮುಯ್ಯಿ ಅನ್ಕೋ. ಹೋಗಿ ಆ ಮರಳ ನೋಡಿ ಬಾ. ಆ ಕ್ಯಾಲೆಂಡರ್ ನೋಡಿ ನೋಡಿ ನನಗ ಸಾಕಾಗೈತಿ."

ಅತ್ತೆ ಎರಡು ದಿನ ಸಾಲು ಸಾಲಾಗಿ ಎಲೆ ಹೊಳ್ಳಿಸುತ್ತ ತಿರುಗಿದರಂತೆ. ಮೂರನೆಯ ದಿನ ನನಗೆ ಫೋನ್ ಮಾಡಿ, "ಟಿಕೀಟ ತಗಸು" ಎಂದರು.

ಹೊರಡುವಾಗ ನಾನು ಸ್ವೆಟರ್ ತುಂಬಿದರೆ ಅವರು ಹೊರಗೆ ತೆಗೆದಿಟ್ಟರು. ಮರಳುಗಾಡಿಗೆ ಸ್ವೆಟರ್ ಯಾಕೆ? ಅಲ್ಲಿ ರಾತ್ರಿ ಬಹಳ ಥಂಡಿ ಎಂದು ಫೋನಿನಲ್ಲಿ ತೋರಿಸಿದರೂ ನಂಬಲಿಲ್ಲ. "ವಿಜಾಪುರದವರಿಗೆ ಬಿಸಲಿನ ಪಾಠ ಹೇಳಬ್ಯಾಡ" ಎಂದು ಛತ್ರಿ ಇಟ್ಟುಕೊಂಡರು, ಬಿಸಿಲು ಬಡಿಯದಿರಲೆಂದು ಮೂವರ ಕೈಗೂ ಒಂದೊಂದು ಉಳ್ಳಾಗಡ್ಡಿ ಕೊಟ್ಟರು. ಮರಳಿನ ದಿಬ್ಬದ ಮೇಲೆ ಹೊತ್ತು ಮುಳುಗಿದ್ದೇ ತಡ, ಮೂವರ ಹಲ್ಲೂ ಕಟಕಟ. ಒಂಟೆಯವನ ಹತ್ತಿರ ಕಂಬಳಿ ಬೇಡಿ ಒಂದರಲ್ಲೇ ಮೂವರೂ ಹೊಕ್ಕು ಕೂತೆವು. "ಉಳ್ಳಾಗಡ್ಡಿ ಹಿಡಕೊಂಡು ಥಂಡ್ಯಾಗ ಸೆಟದ್ಲು ಅಂತ ಊರಾಗ ಹೇಳಬ್ಯಾಡ ಬೇ" ಎಂದು ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಷ್ಟು ನಕ್ಕದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಕೈ ಸುಮ್ಮನಿತ್ತೇ ಎಂದರೆ, ಪೂರ್ತಿ ಇಲ್ಲ. ಕೋಟೆಯ ಕೆಳಗೆ ಮರಳಿನಲ್ಲಿ ಒಂದು ಎಕ್ಕದ ಗಿಡ ಕಂಡದ್ದೇ ಹೋಗಿ ಎಲೆ ಹೊಳ್ಳಿಸಿ ನೋಡಿ ಬಂದರು. ಮುಂಜಾನೆ ಎದ್ದ ಕೂಡಲೇ ಕಾಕಿಗೆ ಫೋನು. ಕೇಳುವುದು ಒಂದೇ ಮಾತು: "ಮ್ವಾಡ ಐತೇನು?" ಆಕಡೆಯಿಂದ ಪ್ರತಿ ದಿನ ಅದೇ ಉತ್ತರ: "ಇಲ್ಲ, ಸ್ವಚ್ಛ ಐತಿ. ನೀ ಮರಳ ನೋಡು." ಫೋನ್ ಇಟ್ಟು ಅವರು ಹಳದಿ ಗೋಡೆಗೆ ಒರಗಿ ಬಿಸಿಲು ಕಾಯಿಸುತ್ತ ಕೂರುತ್ತಿದ್ದರು. ತೊಡೆಯ ಮೇಲೆ ಆ ನೀಲಿ ಉಗುರಿನ ಕೈ. ಪಕ್ಕದಲ್ಲಿ ಕೂತ ನನಗೆ ಬೇರೇನೂ ಬೇಡವೆನಿಸುತ್ತಿತ್ತು.

ಊರಿಗೆ ಬಂದವರು ಮನೆಯೊಳಗೂ ಹೋಗದೆ ಸಾಲಿಗೆ ಇಳಿದರು. ಎಲೆ ಹೊಳ್ಳಿಸಿದರು. ಹಿಂಬದಿಯಲ್ಲಿ ಹೊಸ ನೀಲಿ ಕಲೆ. ಇನ್ನೊಂದು ಹೊಳ್ಳಿಸಿದರು, ಅದರಲ್ಲೂ. ಅಷ್ಟರಲ್ಲಿ ಕಾಕಿ ಬದು ದಾಟಿ ಬಂದರು. ಅತ್ತೆ ಅವರ ಕೈ ಹಿಡಿದು ಹೊಳ್ಳಿಸಿದರು, ಉಗುರೆಲ್ಲ ನೀಲಿ. ನಾವು ಅಲ್ಲಿದ್ದಾಗ ಇಲ್ಲಿ ಎರಡು ದಿನ ಮೋಡ ನಿಂತಿತ್ತಂತೆ. ಕಾಕಿ ತಮ್ಮ ತೋಟಕ್ಕಿಂತ ಮೊದಲು ನಮ್ಮದಕ್ಕೆ ಎಣ್ಣೆ ಹೊಡೆಸಿದ್ದರು.

"ಸುಳ್ಳ ಹೇಳಾಕ ಯಾರ ಕಲಿಸ್ಯಾರ ನಿನಗ?" ಎಂದರು ಅತ್ತೆ. ಹಿಡಿದ ಕೈ ಬಿಟ್ಟಿರಲಿಲ್ಲ.

"ಖರೇ ಹೇಳಿದ್ರ ನೀ ಅಲ್ಲಿ ಕುಂದರತಿದ್ದೇನು?"

"ಬರೋ ಥಂಡ್ಯಾಗ ನೀ ಹೋಗು. ನಿನ್ನ ತೋಟಕ್ಕ ನಾ ನಿಲ್ತೀನಿ. ಸ್ವೆಟರ್ ತಗೊಂಡ ಹೋಗು."

ಆ ಮುಯ್ಯಿ ತೀರಿಸಲು ಅವರಿಗೆ ಆಗಲಿಲ್ಲ. ಶ್ರಾವಣದ ಒಂದು ಮಧ್ಯಾಹ್ನ ಉಂಡು ಮಲಗಿದವರು ಏಳಲಿಲ್ಲ. ನರಳಲಿಲ್ಲ, ಯಾರಿಂದಲೂ ಸೇವೆ ಮಾಡಿಸಿಕೊಳ್ಳಲಿಲ್ಲ. ಅವರ ಹಣೆಗೆ ವಿಭೂತಿ ಹಚ್ಚಿದ ಕಾಕಿ ಕೊನೆಗೆ ಆ ಬಲಗೈಯನ್ನು ತಮ್ಮ ಕೈಯಲ್ಲಿ ಬಹಳ ಹೊತ್ತು ಇಟ್ಟುಕೊಂಡಿದ್ದರು. ಮಳೆಗಾಲವಾದ್ದರಿಂದ ಉಗುರು ಬೆಳ್ಳಗಿತ್ತು.

ಈ ವರ್ಷ ಚಾಟಣಿ ಮುಗಿದ ಮೇಲೆ ನಾನು ಬದು ದಾಟಿ ಹೋಗಿ ಕಾಕಿಗೆ ಟಿಕೆಟ್ ತೆಗೆಸಲು ಹೇಳಿದೆ. "ಆಕಿ ಹೋದ್ಲು, ಮುಯ್ಯಿನೂ ಹೋತು. ನಿನ್ನ ಮ್ಯಾಲ ಯಾಕ?" ಎಂದರು. ಅತ್ತೆಯ ಮಾತು ನಮ್ಮ ಮನೆಯ ಮಾತು ಎಂದೆ. ಅವರು ನನ್ನನ್ನು ಮೇಲೆ ಕೆಳಗೆ ನೋಡಿದರು. ತೋಟದ ಕೆಲಸ ಬಲ್ಲವಳೇ ಈ ಸಾಲಿ ಟೀಚರು ಎಂಬ ಅನುಮಾನ ಇದ್ದಿರಬೇಕು. ಕೊನೆಗೆ ಮಗಳನ್ನು ಕರೆದುಕೊಂಡು ಹೊರಟರು, ಸ್ವೆಟರ್ ಸಮೇತ. ನಾನು ಶಾಲೆಗೆ ರಜೆ ಹಾಕಿ ತೋಟಕ್ಕೆ ಬಂದಿದ್ದೇನೆ. ಆ ಕ್ಯಾಲೆಂಡರ್ ಇನ್ನೂ ಗೋಡೆಯ ಮೇಲಿದೆ.

ಇವತ್ತು ಮುಂಜಾನೆ ಬದುವಿನ ಮೇಲೆ ನಿಂತು ನೋಡಿದೆ. ಮೂಡಲಿಂದ ಮೋಡ ಏಳುತ್ತಿತ್ತು, ನಿಲ್ಲುವಂಥ ಮೋಡ. ಕಾಕಿಯ ತೋಟದ ಮೊದಲ ಸಾಲಿನಲ್ಲಿ ಒಂದು ಎಲೆ ಹೊಳ್ಳಿಸಿದೆ. ಬೂಷ್ಟು ಇನ್ನೂ ಹತ್ತಿರಲಿಲ್ಲ. ಅಷ್ಟರಲ್ಲಿ ಜೈಸಲ್ಮೇರಿನಿಂದ ಫೋನ್ ಬಂತು.

"ಮ್ವಾಡ ಐತೇನವಾ?"

"ಇಲ್ಲ ಕಾಕಿ, ಸ್ವಚ್ಛ ಐತಿ. ನೀವು ಮರಳ ನೋಡ್ರಿ" ಎಂದು ಫೋನ್ ಇಟ್ಟು, ಎಣ್ಣೆ ಕಲಸಲು ಆಳುಗಳನ್ನು ಕೂಗಿದೆ.