ಎಂಟನೇ ವರ್ಷದ ರಸ್ತೆ

ನನಗೆ ಈ ಕೆಲಸ ಕೊಡಿಸಿದವಳು ನನ್ನ ಚಿಕ್ಕಮ್ಮ. ಬಂಗಾರಪೇಟೆಯಿಂದ ಕಾಮಸಮುದ್ರದ ಕಡೆ ಹೋಗುವ ಹೆದ್ದಾರಿಯಲ್ಲಿ ನಮ್ಮೂರಿನ ಆಸುಪಾಸಿನ ತುಂಡನ್ನು ಅವಳು ದಿನಗೂಲಿಯ ಮೇಲೆ ನೋಡಿಕೊಳ್ಳುತ್ತಿದ್ದಳು. ಹಳ್ಳ ಬಿದ್ದಲ್ಲಿ ಜಲ್ಲಿ ತುಂಬಿ ಟಾರು ಸುರಿಯುವುದು, ಚರಂಡಿ ಬಿಡಿಸುವುದು, ಅಂಚಿನ ಗಿಡ ಸವರುವುದು. ನನಗೆ ಬುದ್ಧಿ ಬಂದಾಗಿನಿಂದ ಅವಳ ಹಿಮ್ಮಡಿಯ ಬಿರುಕುಗಳಲ್ಲಿ ಟಾರು ಕೂತೇ ಇತ್ತು. ಒಂದು ದಿನ ಕೆಲಸ ನೋಡಲು ಬಂದಿದ್ದ ಸಾಹೇಬರ ಜೀಪಿಗೆ ಅಡ್ಡ ನಿಂತು, "ನಮ್ಮುಡುಗಿ ಕಂಪ್ಯೂಟ್ರು ಕಲ್ತವ್ಳೆ ಸಾಮಿ, ನಿಮ್ಮಾಪೀಸ್ನಾಗೆ ಎಲ್ಲಾದ್ರೂ ಕೂರ್ಸಿ" ಅಂದಳಂತೆ. ಹಾಗೆ ನಾನು ಬಂಗಾರಪೇಟೆಯ ರಸ್ತೆ ಕಚೇರಿಯೊಂದರಲ್ಲಿ ಗುತ್ತಿಗೆ ಟೈಪಿಸ್ಟ್ ಆದೆ.

ನಾನು ಸೇರಿದ ಮೇಲೆ ಹೊಸ ಕಾಯ್ದೆ ಬಂತು. ಪ್ರತಿ ಹೆದ್ದಾರಿಗೂ ಹತ್ತು ವರ್ಷದ ನಿರ್ವಹಣೆಯ ಯೋಜನೆ ಇರಬೇಕು. ಯಾವ ತುಂಡು ಯಾವ ವರ್ಷ ರಿಪೇರಿ ಎಂದು ಮೊದಲೇ ಗೊತ್ತುಮಾಡಬೇಕು. ಆ ವರ್ಷಕ್ಕೆ ಮುಂಚೆ ಅದನ್ನು ಯಾರೂ ಮುಟ್ಟತಕ್ಕದ್ದಲ್ಲ. ಅದರ ಸುತ್ತೋಲೆ ಟೈಪ್ ಮಾಡಿದವಳು ನಾನೇ. ನನಗದು ನ್ಯಾಯವಾಗಿಯೇ ಕಂಡಿತು. ಇನ್ನು ದೊಡ್ಡವರ ಮನೆ ಮುಂದಿನ ರಸ್ತೆಗೆ ಮೂರು ಸಲ ಟಾರು, ಮಿಕ್ಕವರಿಗೆ ಧೂಳು ಅನ್ನುವುದು ನಿಲ್ಲುತ್ತದೆ ಅಂದುಕೊಂಡೆ.

ರಸ್ತೆಗಳ ಸ್ಥಿತಿ ಅಳೆಯಲು ಕ್ಯಾಮೆರಾ ಕಟ್ಟಿದ ಗಾಡಿ ಬರುವುದಿತ್ತು. ಯಾವತ್ತು ಎಂದು ಚಿಕ್ಕಮ್ಮನಿಗೆ ಹೇಳಿದವಳೂ ನಾನೇ. ಅವಳು ಮೂರು ದಿನ ಮನೆಯಲ್ಲಿ ಸರಿಯಾಗಿ ಒಲೆ ಹಚ್ಚಲಿಲ್ಲ. ಸಣ್ಣ ಸಣ್ಣ ತಗ್ಗನ್ನೂ ಹುಡುಕಿ ಮುಚ್ಚಿದಳು. ಗಾಡಿ ಬರುವ ಬೆಳಿಗ್ಗೆ ಕೆರೆ ಪಕ್ಕದ ತಿರುವಿನ ತನಕ ಹೆದ್ದಾರಿಯನ್ನು ಮನೆಯಂಗಳದ ಹಾಗೆ ಗುಡಿಸಿದಳು.

ಫಲಿತಾಂಶ ಬಂತು. ಯಾರೂ ತಿರುಗಿ ನೋಡದಿದ್ದ, ಹಳೇ ಚಿನ್ನದ ಗಣಿಯ ಚಾಂಪಿಯನ್ ರೀಫ್ಸ್ ಕಡೆಯ ರಸ್ತೆ 'ತೀರಾ ಕೆಟ್ಟದ್ದು' ಎಂದಾಗಿ ಮೊದಲನೇ ವರ್ಷದ ಪಟ್ಟಿ ಸೇರಿತು. ಚಿಕ್ಕಮ್ಮನ ತುಂಡು 'ಉತ್ತಮ'. ಅದರ ಸರದಿ ಎಂಟನೇ ವರ್ಷಕ್ಕೆ.

ಸಾಹೇಬರು ಅವಳನ್ನು ಕಚೇರಿಗೆ ಕರೆಸಿದರು. ಹೊಗಳುತ್ತಾರೆಂದು ಅವಳು ಮದುವೆಗೆ ಉಡುವ ಸೀರೆ ಉಟ್ಟು ಬಂದಿದ್ದಳು.

"ನಿನ್ನ ರೋಡು ಫಸ್ಟ್ ಕ್ಲಾಸ್ ಕಣಮ್ಮ. ಎಂಟನೇ ವರ್ಷದ ತನಕ ಯಾರೂ ಮುಟ್ಟೋ ಹಾಗಿಲ್ಲ."

"ಅಂಗಂದ್ರೆ ನಾನು ಸಾಮಿ?"

"ನೀನೂ ಅಷ್ಟೇ. ನಾಳೆಯಿಂದ ಬರಬೇಡ. ಇಷ್ಟು ಚೆನ್ನಾಗಿ ಕೆಲಸ ಮಾಡು ಅಂತ ಯಾರು ಹೇಳಿದ್ರು ನಿಂಗೆ?"

ಇಬ್ಬರು ಗುಮಾಸ್ತರು ನಕ್ಕರು. ಸಾಹೇಬರು ನನ್ನ ಕಡೆಯೂ ನೋಡಿದರು. ನಾನೂ ನಕ್ಕೆ.

ಎರಡು ಮಳೆಗಾಲ ಕಳೆದವು. ಕೆರೆ ತಿರುವಿನಲ್ಲಿ ಟಾರು ಎದ್ದು, ಮೊಣಕಾಲುದ್ದದ ಗುಂಡಿಗಳು ಬಿದ್ದವು. ಒಂದು ಬೆಳಿಗ್ಗೆ ನಮ್ಮ ಪಕ್ಕದ ಮನೆಯವನು ಡೇರಿಗೆ ಹಾಲು ಒಯ್ಯುತ್ತಾ ಕ್ಯಾನುಗಳ ಸಮೇತ ಅಲ್ಲಿ ಬಿದ್ದ. ಹಿಂದೆ ಬಂದ ಟೆಂಪೊ ಅವನ ಕಾಲ ಮೇಲೆ ಹರಿಯಿತು. ಕೋಲಾರದ ಆಸ್ಪತ್ರೆಯಲ್ಲಿ ಮಂಡಿಯ ಕೆಳಗೆ ಕತ್ತರಿಸಿದರು. ನೋಡಲು ಹೋದ ಚಿಕ್ಕಮ್ಮನ ಮೇಲೆ ಅವನ ಹೆಂಡತಿ ಹರಿಹಾಯ್ದಳು. "ಅಷ್ಟು ವರ್ಸ ಅಳ್ಳ ಮುಚ್ದೋಳಿಗೆ ಈಗೇನೇ ಬಂದಿತ್ತು ರೋಗ? ಕೂಲಿ ನಿಂತ್ರೆ ಕೈಯೂ ಬಿದ್ದೋಗ್ತವಾ?"

ಮಾರನೆಯ ದಿನ ಚಿಕ್ಕಮ್ಮ ತನ್ನಲ್ಲೇ ಉಳಿದಿದ್ದ ಕಚೇರಿಯ ಹಳೆಯ ಬಾಣಲಿ, ಸಲಿಕೆ, ನೆಲ ಬಡಿಯುವ ದಿಮ್ಮಸು ತೆಗೆದುಕೊಂಡು ತಿರುವಿಗೆ ಹೋದಳು. ಟಾರಿಲ್ಲ, ಹೊಲದ ಬದುವಿನ ಕಲ್ಲು, ಮಣ್ಣು ತುಂಬಿದಳು. ವಾರ ಕಳೆಯುವುದರೊಳಗೆ ಆ ಕಲ್ಲುಗಳು ಚೆದುರಿ, ಬೈಕಿನವನೊಬ್ಬ ಜಾರಿ ಬಿದ್ದು ಮೊಣಕೈ ತರಚಿಕೊಂಡ. ಅವನು ಓದಿದವನು. ರಸ್ತೆಗೆ ಕಲ್ಲು ಸುರಿದವಳ ಮೇಲೆ ನಮ್ಮ ಕಚೇರಿಗೆ ದೂರು ಬರೆದ.

ಗುಂಡಿ ಮುಚ್ಚಿಸಿ ಎಂದು ಊರಿನವರು ಕೊಟ್ಟ ಅರ್ಜಿಗಳು ಕಪಾಟಿನಲ್ಲಿದ್ದವು. ಈ ದೂರಿಗೆ ಮಾತ್ರ ಎರಡೇ ದಿನದಲ್ಲಿ ಚಿಕ್ಕಮ್ಮನ ಹೆಸರಿಗೆ ನೋಟಿಸು ಸಿದ್ಧವಾಯಿತು: ಅನುಮತಿಯಿಲ್ಲದೆ ಹೆದ್ದಾರಿಗೆ ಕೈಹಾಕಿದ್ದೀರಿ, ಇನ್ನೊಮ್ಮೆ ಹೀಗಾದರೆ ಕಾಯ್ದೆಯಂತೆ ಮೊಕದ್ದಮೆ, ಸರ್ಕಾರಿ ಸಲಕರಣೆಗಳನ್ನು ಕೂಡಲೇ ಹಿಂದಿರುಗಿಸತಕ್ಕದ್ದು. ಟೈಪ್ ಮಾಡಿ ಸಹಿಗೆ ಇಟ್ಟೆ. ಸಾಹೇಬರು ಸಹಿ ಹಾಕಿ, "ನೀನು ಅದೇ ಊರಲ್ವಾ? ಕೈಯಲ್ಲೇ ಕೊಟ್ಟು ಸೈನ್ ತಗೊಂಡು ಬಾ" ಅಂದರು. ಆಗುವುದಿಲ್ಲ ಅನ್ನಬಹುದಿತ್ತು. ಆ ತಿಂಗಳು ನನ್ನ ಗುತ್ತಿಗೆ ಮುಗಿಯುವುದಿತ್ತು.

ಸಂಜೆ ಬಸ್ಸಿಳಿದು ನೇರ ಅವಳ ಮನೆಗೆ ಹೋದೆ. ಅವಳು ರಾಗಿ ಕೇರುತ್ತಿದ್ದಳು. ಮೊರ ಕೆಳಗಿಟ್ಟು, "ಓದು" ಅಂದಳು. ಓದಿದೆ.

"ಯಾರು ಬರ್ದಿದ್ದು ಇದು?"

"ಕಚೇರಿಯವರು."

"ಕಚೇರೀನಾಗೆ ಯಾರು?"

ನಾನು ಪೆನ್ನು ತೆಗೆದು ಮುಂದೆ ಹಿಡಿದೆ. ಅವಳಿಗೆ ಸಹಿ ಮಾಡುವುದಷ್ಟೇ ಬರುತ್ತಿತ್ತು. ಕಲಿಸಿದವಳು ನಾನು, ಏಳನೇ ಕ್ಲಾಸಿನಲ್ಲಿದ್ದಾಗ. ನಿಧಾನವಾಗಿ ಒಂದೊಂದೇ ಅಕ್ಷರ ಬರೆದು ಕಾಗದ ಕೊಟ್ಟಳು.

"ಬಲು ಚೆಂದಾಗಿ ಬರ್ದವ್ಳೆ. ಒಂದ್ ತಪ್ಪಿಲ್ಲ" ಅಂದು ಮತ್ತೆ ಮೊರ ಎತ್ತಿಕೊಂಡಳು.

ಸಲಕರಣೆ ನಾನೇ ಸಾಗಿಸುತ್ತೇನೆ ಅಂದೆ. ಅವಳು ರಾಗಿ ಕೇರುತ್ತಲೇ ಇದ್ದಳು. ಸೋಮವಾರ ತಾನೇ ಅವನ್ನು ಬಸ್ಸಿಗೆ ಹೇರಿಕೊಂಡು ಬಂದಳು. ದಿಮ್ಮಸು ಹೆಗಲ ಮೇಲೆ ಹೊತ್ತು ಬಸ್‌ಸ್ಟ್ಯಾಂಡಿನಿಂದ ಕಚೇರಿಗೆ ನಡೆದಳು. ನನ್ನ ಮೇಜಿನ ಎದುರು ಇಟ್ಟು, "ರಸೀತಿ ಕೊಡಿ ಮೇಡಮ್ಮೋರೆ" ಅಂದಳು. ಅವಳು ನನ್ನನ್ನು ಬಹುವಚನದಲ್ಲಿ ಕರೆದದ್ದು ಅದೇ ಮೊದಲು. ಅಂದಿನಿಂದ ಬೇರೆ ರೀತಿ ಕರೆದಿಲ್ಲ.

ಈಗ ಅವಳು ಬಂಗಾರಪೇಟೆಯಲ್ಲಿ ಮಾರಿಕುಪ್ಪಂನಿಂದ ಬರುವ ರೈಲು ಹಿಡಿದು ಬೆಂಗಳೂರಿಗೆ ಹೋಗಿ, ಒಂದು ಅಪಾರ್ಟ್‌ಮೆಂಟಿನ ಮೆಟ್ಟಿಲು ತೊಳೆಯುತ್ತಾಳೆ. ಬೆಳಗಿನ ಬಸ್ಸಿನಲ್ಲಿ ಕೆಲವೊಮ್ಮೆ ನನ್ನ ಪಕ್ಕದ ಸೀಟು ಖಾಲಿಯಿರುತ್ತದೆ. ಅವಳು ಕಂಬಿ ಹಿಡಿದು ನಿಂತೇ ಬರುತ್ತಾಳೆ. ನನ್ನ ಗುತ್ತಿಗೆಯನ್ನು ಇನ್ನೊಂದು ವರ್ಷಕ್ಕೆ ಮುಂದುವರಿಸಿದ್ದಾರೆ.