ಗೇಟಿನ ಹೊರಗೆ ನಿಂತ ನಾರಾಯಣಸ್ವಾಮಿ

ಇಂಗ್ಲೆಂಡಿನ ಲೀಡ್ಸ್ ನಗರದ ಅಂಚಿನಲ್ಲಿರುವ ಎಲ್ಮ್‌ಥಾರ್ಪ್‌ಗೆ ಹೊಸದಾಗಿ ಬರುವ ಕನ್ನಡಿಗರಿಗೆ ಬಾಡಿಗೆ ಮನೆಯ ಬೀಗದ ಕೈ ಸಿಗುವ ಮೊದಲೇ ನಾರಾಯಣಸ್ವಾಮಿಯವರ ಫೋನ್ ನಂಬರು ಸಿಕ್ಕಿರುತ್ತಿತ್ತು. ಯಾವ ಜಿಪಿ ಡಾಕ್ಟರ ಬಳಿ ಹೆಸರು ಬರೆಸಬೇಕು, ವಿದ್ಯಾರ್ಥಿಗಳಿರುವ ಮನೆಗೆ ಕೌನ್ಸಿಲ್ ಟ್ಯಾಕ್ಸ್ ಎಂಬ ಮನೆಗಂದಾಯ ಮಾಫಿ ಮಾಡಿಸುವುದು ಹೇಗೆ, ಯಾವ ಕಸ ಯಾವ ಬಣ್ಣದ ಡಬ್ಬಿಗೆ, ಹಸಿ ಕರಿಬೇವು ಯಾವ ಅಂಗಡಿಗೆ ಯಾವ ದಿನ ಬರುತ್ತದೆ, ಎಲ್ಲಕ್ಕೂ ಅವರಲ್ಲಿ ಉತ್ತರವಿತ್ತು. ಕೇಳಿದವರಿಗೆ ಹೇಳಿ ಸುಮ್ಮನಾಗುವ ಸ್ವಭಾವವೂ ಅವರದಲ್ಲ. ಫಾರ್ಮು ತಂದರೆ ತಾವೇ ಕನ್ನಡಕ ಏರಿಸಿಕೊಂಡು, ಊಟದ ಮೇಜಿನ ಮೇಲೆ ಹರವಿ, ತುಂಬಿಸಿ ಕೊಡುತ್ತಿದ್ದರು.

ಅವರು ಚಿಂತಾಮಣಿ ಕಡೆಯವರು. ರೈಲ್ವೆ ಸಿಗ್ನಲ್ಲುಗಳ ನಕ್ಷೆ ತಯಾರಿಸುವ ಕಂಪನಿಯೊಂದರಲ್ಲಿ ಎಂಜಿನಿಯರಾಗಿ ಬಂದು ಇಪ್ಪತ್ತೆರಡು ವರ್ಷಗಳಾಗಿದ್ದವು. ಇಲ್ಲಿ ಕಾಯಂ ಇರುವುದಕ್ಕೆ ಅನುಮತಿ ಇತ್ತು. ಪಾಸ್‌ಪೋರ್ಟ್ ಮಾತ್ರ ಭಾರತದ್ದೇ. ಬದಲಾಯಿಸಿಕೊಳ್ಳಿ ಎಂದವರಿಗೆ, "ಇರೋಕೆ ಬಿಟ್ಟಿದ್ದಾರಲ್ಲ, ಅಷ್ಟು ಸಾಕು" ಎಂದು ನಗುತ್ತಿದ್ದರು. ಹೆಂಡತಿ ಭಾಗೀರಥಿಯವರದೂ ಅದೇ ಮಾತು, ಅದೇ ಪಾಸ್‌ಪೋರ್ಟ್.

ಭಾಗೀರಥಿಯವರು ಪ್ರತಿ ಶನಿವಾರ ಬೆಳಿಗ್ಗೆ ಊರಿನ ಸಮುದಾಯ ಭವನದಲ್ಲಿ ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದರು. ಕೆಂಪು ಇಟ್ಟಿಗೆಯ ಹಳೆಯ ಕಟ್ಟಡ. ಹೆಂಚು ಜರುಗಿ ಸೋರುತ್ತಿದ್ದ ಒಂದು ಮೂಲೆಯಲ್ಲಿ ಸದಾ ಬಕೆಟ್ ಇರುತ್ತಿತ್ತು. ಪಕ್ಕದ ಪಾರ್ಕಿನಲ್ಲಿ ಉಯ್ಯಾಲೆಗಳು ತುಕ್ಕು ಹಿಡಿದವೆಂದು ಬಿಚ್ಚಿಕೊಂಡು ಹೋಗಿ ಎರಡು ವರ್ಷಗಳಾಗಿದ್ದವು. ಬರಿಯ ಕಂಬಗಳು ನಿಂತಿದ್ದವು. ಭವನದ ಉಸ್ತುವಾರಿ ಎಪ್ಪತ್ನಾಲ್ಕು ವರ್ಷದ ಬ್ರೆಂಡಾ ಅವರದು. ಸಂಬಳವಿಲ್ಲದ ಕೆಲಸ. ಮಕ್ಕಳು ಬರುವ ಹೊತ್ತಿಗೆ ಕೋಣೆ ಬೆಚ್ಚಗಿರಲೆಂದು ಮುಂಚೆಯೇ ಬಂದು ಹೀಟರ್ ಹಾಕಿಡುತ್ತಿದ್ದರು. ಕನ್ನಡ ತರಗತಿಗೆಂದು ಅವರು ಬಾಡಿಗೆ ಕೇಳಿದ್ದೇ ಇಲ್ಲ. "ಅ ಆ ಇ ಈ ಕೇಳ್ತಾ ನೆಲ ಒರೆಸೋದು ನಂಗೆ ಇಷ್ಟ" ಎನ್ನುತ್ತಿದ್ದರು.

ಆ ವರ್ಷ ಟೌನ್ ಕೌನ್ಸಿಲ್ಲು ಒಂದು ಯೋಜನೆ ಮಾಡಿತು. ಸಾಲ ತೆಗೆದು ಭವನಕ್ಕೆ ಹೊಸ ಸೂರು, ಗಾಲಿಕುರ್ಚಿ ಹತ್ತುವಂಥ ಇಳಿಜಾರು, ಪಾರ್ಕಿಗೆ ಉಯ್ಯಾಲೆ, ದಾರಿ, ದೀಪ. ಅದಕ್ಕಾಗಿ ಪ್ರತಿ ಮನೆಯ ಕೌನ್ಸಿಲ್ ಟ್ಯಾಕ್ಸ್ ಸ್ವಲ್ಪ ಏರಬೇಕು. ಏರಿಸಬಹುದೋ ಬೇಡವೋ ಎಂದು ಊರವರೇ ಮತ ಹಾಕಿ ಹೇಳಲಿ. ಬೇಡವೆಂದರೆ ಭವನಕ್ಕೆ ಡಿಸೆಂಬರ್ ಕೊನೆಗೆ ಬೀಗ. ಅಕ್ಟೋಬರ್ ಮೊದಲ ಗುರುವಾರ, ಪ್ರಾಥಮಿಕ ಶಾಲೆಯಲ್ಲಿ, ಸಂಜೆ ನಾಲ್ಕರಿಂದ ಒಂಬತ್ತರವರೆಗೆ ಮತದಾನ.

ಒಂದು ಶನಿವಾರ, ಎಲ್ಲರನ್ನೂ ಅಕ್ಕರೆಯಿಂದ 'ಲವ್' ಎಂದೇ ಕರೆಯುವ ಬ್ರೆಂಡಾ ತರಗತಿಯ ಬಾಗಿಲಿಗೆ ಬಂದು, ಅಲ್ಲಿದ್ದ ನಾರಾಯಣಸ್ವಾಮಿಯವರನ್ನು ಕೇಳಿದರು: "ಸ್ವಾಮಿ, ನೀವೆಲ್ಲ ಬರ್ತೀರಿ ತಾನೆ ಲವ್? ಒಂದೊಂದು ವೋಟೂ ಬೇಕು."

"ಬ್ರೆಂಡಾ, ನಮ್ಮಲ್ಲಿ ಎಲ್ಲರದೂ ಭಾರತದ ಪಾಸ್‌ಪೋರ್ಟು. ನಮಗೆ ಇಲ್ಲಿ ಮತ ಇಲ್ಲ. ಆದರೆ ಬೇರೆ ಏನು ಕೆಲಸ ಇದ್ದರೂ ಹೇಳಿ."

"ಅಯ್ಯೋ, ಹೌದಾ? ಟ್ಯಾಕ್ಸ್ ಮಾತ್ರ ತಗೋತಾರೆ" ಎಂದು ಬ್ರೆಂಡಾ ತಲೆ ಅಲ್ಲಾಡಿಸಿದರು. ಈ ನಿಯಮಗಳು ಅವರಿಗೂ ಸರಿಯಾಗಿ ತಿಳಿದಿರಲಿಲ್ಲ.

ಅದೇ ದಿನ, ಮಗಳನ್ನು ಕರೆದೊಯ್ಯಲು ಬಂದಿದ್ದ ಮೇಧಾ, "ಅಂಕಲ್, ವೋಟರ್ ಲಿಸ್ಟ್ ಅಂತ ನಮ್ಮನೆಗೆ ಒಂದು ಲೆಟರ್ ಬಂದಿದೆ. ಏನ್ ಮಾಡ್ಲಿ?" ಎಂದು ಕೇಳಿದಳು. ಮೇಧಾ ಮೈಸೂರಿನ ಹುಡುಗಿ, ಸಾಫ್ಟ್‌ವೇರ್ ಕೆಲಸ. ಬಂದು ಮೂರು ವರ್ಷವಾಗಿತ್ತು.

"ಅದು ಎಲ್ಲರ ಮನೆಗೂ ಬರುತ್ತಮ್ಮ. ಸಿಟಿಜನ್ಸ್‌ಗೆ ಮಾತ್ರ. ನಾನು ಪ್ರತಿ ವರ್ಷ 'ಈ ಮನೇಲಿ ಅರ್ಹರು ಯಾರೂ ಇಲ್ಲ' ಅಂತ ಬರೆದು ಕಳಿಸಿಬಿಡ್ತೀನಿ. ನೀನೇನಾದ್ರೂ ಹೆಸರು ಬರೆದು ಗಿರೆದು, ಆಮೇಲೆ ವೀಸಾ ನವೀಕರಣದಲ್ಲಿ ತಕರಾರು ಬಂದ್ರೆ ಕಷ್ಟ."

"ಹಂಗಾದ್ರೆ ನಾನ್ ಮುಟ್ಟಲ್ಲಪ್ಪ" ಎಂದಳು ಮೇಧಾ. ಪಕ್ಕದಲ್ಲಿದ್ದ ದಾವಣಗೆರೆಯ ಜಯಣ್ಣ, "ಸ್ವಾಮಿಗಳು ಹೇಳಿದ್ ಮೇಲೆ ಮುಗೀತು, ಗೆಜೆಟ್‌ನಾಗೆ ಬಂದಂಗೆ" ಎಂದು ನಕ್ಕ.

ಕೆಲಸಕ್ಕೆ ಮಾತ್ರ ನಾರಾಯಣಸ್ವಾಮಿ ಹಿಂದೆ ಬೀಳಲಿಲ್ಲ. ಮೂರು ಬೀದಿಗಳಲ್ಲಿ ಕರಪತ್ರ ಹಂಚಿದರು. ಮತದಾನದ ದಿನ ರಜೆ ಹಾಕಿ, ನಡೆಯಲಾರದ ಏಳು ಮಂದಿ ಮುದುಕರನ್ನು ತಮ್ಮ ಕಾರಿನಲ್ಲಿ ಶಾಲೆಗೆ ಕರೆದೊಯ್ದರು. ಒಬ್ಬೊಬ್ಬರನ್ನೂ ಕೈ ಹಿಡಿದು ಗೇಟಿನವರೆಗೆ ಬಿಟ್ಟು, ಮಳೆಯಲ್ಲಿ ಕೊಡೆ ಹಿಡಿದು ಹೊರಗೆ ನಿಂತರು. ಒಬ್ಬ ಅಜ್ಜಿ, "ನೀನ್ಯಾಕೆ ಒಳಗೆ ಬರಲ್ಲ?" ಎಂದದ್ದಕ್ಕೆ, "ನಾನು ಡ್ರೈವರ್ ಮಾತ್ರ" ಎಂದು ನಕ್ಕರು. ಮನೆಗೆ ಬಂದು ಭಾಗೀರಥಿಯವರ ಮುಂದೆ ಅದನ್ನು ಹೇಳಿಕೊಂಡಾಗ ಅವರ ದನಿಯಲ್ಲಿ ಒಂದಿಷ್ಟು ಹೆಮ್ಮೆಯೂ ಇತ್ತು.

ಬೇಕು ಎಂದವರು ಮುನ್ನೂರ ತೊಂಬತ್ತೆಂಟು. ಬೇಡ ಎಂದವರು ನಾಲ್ಕುನೂರ ಹನ್ನೊಂದು. ಹದಿಮೂರು ಮತಗಳಿಂದ ಭವನ ಸೋತಿತು.

ಮೂರು ವಾರ ಕಳೆದ ಮೇಲೆ, ಒಂದು ಶನಿವಾರ, ತರಗತಿ ಮುಗಿದರೂ ಮೇಧಾ ಹೊರಡಲಿಲ್ಲ. ಮಗಳನ್ನು ಹೊರಗೆ ಆಡಲು ಕಳಿಸಿ, ಕೈಚೀಲದಿಂದ ಮಡಿಸಿದ ಕಾಗದವೊಂದನ್ನು ತೆಗೆದಳು.

"ಅಂಕಲ್, ನಮ್ಮ ಆಫೀಸಲ್ಲಿ ಘಾನಾ ದೇಶದವರು ಒಬ್ರಿದ್ದಾರೆ. ಅವರದೂ ಅವರ ದೇಶದ್ದೇ ಪಾಸ್‌ಪೋರ್ಟು. ಅವರು ಇಲ್ಲಿ ವೋಟ್ ಹಾಕ್ತಾರಂತೆ. ನಂಗೆ ಆಶ್ಚರ್ಯ ಆಯ್ತು. ಮನೆಗೆ ಹೋಗಿ ಆ ಲೆಟರ್ ಹುಡುಕಿದೆ. ಹಿಂದುಗಡೆ ನೋಡಿ."

ನಾರಾಯಣಸ್ವಾಮಿ ಕನ್ನಡಕ ಹಾಕಿಕೊಂಡರು. ಕಾಗದದ ಹಿಂಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಯಾರು ಯಾರು ಮತದಾರರಾಗಬಹುದೆಂದು ಬರೆದಿತ್ತು. ಬ್ರಿಟನ್, ಐರ್ಲೆಂಡ್, ಆಮೇಲೆ ಕಾಮನ್‌ವೆಲ್ತ್ ದೇಶಗಳ ಪ್ರಜೆಗಳು. ಇಲ್ಲಿ ವಾಸಕ್ಕೆ ಅನುಮತಿ ಇದ್ದರಾಯಿತು. ಭಾರತ ಕಾಮನ್‌ವೆಲ್ತಿನಲ್ಲಿದೆ ಎಂಬುದನ್ನು ಅವರು ಮೂರನೆಯ ತರಗತಿಯಲ್ಲೇ ಬಾಯಿಪಾಠ ಮಾಡಿದ್ದರು.

"ಹೊಸ ಕಾನೂನಿರಬೇಕು" ಎಂದರು.

"ಇಲ್ಲ ಅಂಕಲ್. ಮೊದಲಿಂದಲೂ ಇದೆಯಂತೆ. ವೀಸಾಗೂ ಇದಕ್ಕೂ ಏನೂ ಸಂಬಂಧ ಇಲ್ವಂತೆ."

ಹೊರಗೆ ಮಕ್ಕಳು ಬರಿಯ ಕಂಬಗಳ ಸುತ್ತ ಓಡುತ್ತಿದ್ದರು. ನಾರಾಯಣಸ್ವಾಮಿ ಕಾಗದವನ್ನು ಮೊದಲಿನಂತೆಯೇ ಮಡಿಸಿ ಹಿಂದಕ್ಕೆ ಕೊಟ್ಟರು. ಅವರ ಬಾಯಿಂದ ಬಂದ ಮಾತು ಅವರಿಗೇ ಬೇರೆ ಯಾರೋ ಆಡಿದಂತೆ ಕೇಳಿಸಿತು.

"ಸದ್ಯಕ್ಕೆ ಯಾರಿಗೂ ಹೇಳೋದು ಬೇಡಮ್ಮ. ಆಗಿದ್ದು ಆಗಿಹೋಯ್ತು. ಸುಮ್ಮನೆ ಎಲ್ಲರ ಮನಸ್ಸೂ ಕೆಡುತ್ತೆ."

ಮೇಧಾ ಕಾಗದವನ್ನು ಚೀಲಕ್ಕೆ ಹಾಕಿಕೊಂಡಳು. "ಸರಿ ಅಂಕಲ್" ಎಂದಳು. ಅವಳು ಎದುರು ಮಾತಾಡಿದ್ದರೆ ಅವರ ಮನಸ್ಸಿಗೆ ಎಷ್ಟೋ ಹಗುರವಾಗುತ್ತಿತ್ತು.

ಆ ವಾರವೆಲ್ಲ ಅವರಿಗೆ ಬೇರೆ ಯೋಚನೆಯೇ ಇಲ್ಲ. ಕಚೇರಿಯಲ್ಲಿ ಸಿಗ್ನಲ್ಲಿನ ನಕ್ಷೆ ಮುಂದಿಟ್ಟುಕೊಂಡು ಅದರ ಅಂಚಿನಲ್ಲಿ ಹೆಸರುಗಳನ್ನು ಬರೆದರು. ಜಯಣ್ಣ, ಅವನ ಹೆಂಡತಿ. ಮೇಧಾ, ಅವಳ ಗಂಡ. ವಿಶ್ವವಿದ್ಯಾಲಯಕ್ಕೆ ಓದಲು ಬಂದು ಸ್ಟೇಷನ್ ರಸ್ತೆಯ ಮನೆಯಲ್ಲಿದ್ದ ಐವರು. ಆ ಐವರ ಮನೆಗೆ ಬಂದ ಪತ್ರವನ್ನು ತಾವೇ ಕಸದ ಡಬ್ಬಿಗೆ ಹಾಕಿದ್ದರು. ಬರೆಯುತ್ತ ಹೋದಂತೆ ಇಪ್ಪತ್ತನಾಲ್ಕಾಯಿತು. ತಮ್ಮಿಬ್ಬರನ್ನೂ ಸೇರಿಸಿ ಇಪ್ಪತ್ತಾರು. ಅಳಿಸುವ ರಬ್ಬರಿನಿಂದ ಅಳಿಸಿದರು. ನಕ್ಷೆಯ ಮೇಲೆ ಪೆನ್ಸಿಲಿನ ಮಸುಕು ಕಲೆ ಉಳಿಯಿತು.

ಮುಂದಿನ ಶನಿವಾರ ಬ್ರೆಂಡಾ ಅಡುಗೆಮನೆಯಲ್ಲಿ ಬಟ್ಟಲುಗಳನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ಪೆಟ್ಟಿಗೆಗೆ ತುಂಬುತ್ತಿದ್ದರು. ಇವರನ್ನು ಕಂಡು ಚಹಾ ಕೊಟ್ಟರು.

"ನಿನ್ನೆ ಬೇಕರಿಯಲ್ಲಿ ಒಬ್ಬ ಏನಂದ ಗೊತ್ತಾ ಸ್ವಾಮಿ? 'ಆ ಇಂಡಿಯದವರು ವಾರವಾರ ಭವನ ಬಳಸ್ತಾರೆ, ವೋಟು ಹಾಕೋಕೆ ಒಬ್ಬರೂ ಬರಲಿಲ್ಲ' ಅಂತ. ಸರಿಯಾಗಿ ಮುಖಕ್ಕೆ ಹೇಳಿ ಕಳಿಸಿದೆ. ಅವರಿಗೆ ಮತವೇ ಇಲ್ಲ ಕಣೋ, ಆದರೂ ಸ್ವಾಮಿ ಮಳೇಲಿ ನಿಂತು ನಮ್ಮ ಮುದುಕರನ್ನೆಲ್ಲ ಕರ್ಕೊಂಡು ಬಂದ, ನೀನೇನು ಮಾಡಿದೆ ಅಂದೆ. ಬಾಯಿ ಮುಚ್ಚಿಕೊಂಡ. ಇದನ್ನೇ ಚರ್ಚಿನಲ್ಲೂ ಹೇಳಿದೀನಿ, ಬಸ್ಸಿನಲ್ಲೂ ಹೇಳಿದೀನಿ."

ನಾರಾಯಣಸ್ವಾಮಿ ಚಹಾ ಗುಟುಕರಿಸಿದರು. ಹೇಳಬೇಕಾದ ಹೊತ್ತು ಅದೇ ಎಂದು ಅವರಿಗೆ ಗೊತ್ತಿತ್ತು. "ಥ್ಯಾಂಕ್ಸ್ ಬ್ರೆಂಡಾ" ಎಂದಷ್ಟೇ ಹೇಳಿ, ಬಟ್ಟಲನ್ನು ತೊಳೆದಿಟ್ಟು ಹೊರಬಂದರು.

ಮಧ್ಯಾಹ್ನ ಊಟಕ್ಕೆ ಕುಳಿತಾಗ ತಟ್ಟೆಯಲ್ಲಿನ ಅನ್ನ ಕಲಸಿದ್ದು ಕಲಸಿದಂತೆಯೇ ಇತ್ತು. ಭಾಗೀರಥಿ ನೋಡಿಯೂ ನೋಡದಂತೆ ಮಜ್ಜಿಗೆ ಬಡಿಸಿದರು.

"ಎಂಟು ದಿನದಿಂದ ಹೀಗೇ ಇದೀರ. ಏನು ಅಂತ ಹೇಳಿ, ಇಲ್ಲ ನಾನೇ ಮೇಧಾನ ಕೇಳ್ತೀನಿ. ಅವತ್ತು ನಿಮ್ಮ ಹತ್ರ ಮಾತಾಡಿದ್ದು ಅವಳೇ."

ಅವರು ಹೇಳಿದರು. ಯಾವುದನ್ನೂ ಬಿಡದೆ ಹೇಳಿದರು. ಮೇಧಾಳ ಬಾಯಿ ಕಟ್ಟಿದ್ದನ್ನೂ, ಬೇಕರಿಯ ಮಾತನ್ನೂ. ಭಾಗೀರಥಿ ಎಡಗೈಯನ್ನು ಕೆನ್ನೆಗೆ ಇಟ್ಟುಕೊಂಡು ಕೇಳಿದರು.

"ಇಪ್ಪತ್ತೆರಡು ವರ್ಷದಿಂದ ಆ ಕಾಗದದ ಹಿಂದುಗಡೆ ನೀವು ನೋಡಲೇ ಇಲ್ವಾ?"

"ಮೊದಲ ವರ್ಷ ನಮ್ಮ ಕಂಪನೀಲಿ ಯಾರೋ ಹೇಳಿದ್ರು, ಸಿಟಿಜನ್ಸ್‌ಗೆ ಮಾತ್ರ ಅಂತ. ನಮ್ಮೂರಲ್ಲಿ ಬೇರೆ ದೇಶದವರಿಗೆ ವೋಟು ಕೊಡ್ತಾರಾ? ಅದಕ್ಕೇ ಇಲ್ಲೂ ಇಲ್ಲ ಅಂದ್ಕೊಂಡೆ."

"ಅಂದ್ಕೊಂಡಿದ್ದು ತಪ್ಪಲ್ಲ. ಗೊತ್ತು ಅಂತ ಹೇಳಿದ್ದು ತಪ್ಪು" ಎಂದರು ಭಾಗೀರಥಿ. ಮಜ್ಜಿಗೆಯ ಪಾತ್ರೆ ಪಕ್ಕಕ್ಕೆ ಸರಿಸಿ, "ಬ್ರೆಂಡಾ ನಿಮ್ಮ ಮಾತನ್ನ ನಂಬಿ ಊರೆಲ್ಲ ಹೇಳ್ಕೊಂಡು ತಿರುಗ್ತಿದಾರೆ. ನಾಳೆ ಇನ್ಯಾರೋ ಅವರ ಮುಖಕ್ಕೆ ನಿಜ ಹೇಳಿದ್ರೆ ಆ ಹೆಂಗಸಿನ ಗತಿಯೇನು? ನೀವೇ ಹೋಗಿ ಹೇಳಿ. ಮೊದಲು ಊಟ ಮಾಡಿ" ಎಂದರು.

ಭಾನುವಾರ ಬ್ರೆಂಡಾರ ಮನೆ ಬಾಗಿಲಲ್ಲಿ ನಿಂತು ಅವರು ವಿಷಯ ಹೇಳಿದರು. ಒಳಗೆ ಬಾ ಎಂದರೂ ಹೋಗಲಿಲ್ಲ. ಬ್ರೆಂಡಾ ಕಾರ್ಡಿಗನ್ನಿನ ಗುಂಡಿಯೊಂದನ್ನು ತಿರುವುತ್ತ ಕೇಳಿದರು.

"ಎಷ್ಟು ಜನ?"

"ಇಪ್ಪತ್ತಾರು."

"ಹದಿಮೂರರಲ್ಲಿ ಸೋತೆವು."

"ಹೌದು."

"ಅರ್ಧ ಎಲ್ಮ್‌ಥಾರ್ಪ್‌ಗೆ ನಾನು ಹೇಳಿದೀನಿ ಸ್ವಾಮಿ, ನಿಮಗೆ ಮತ ಇಲ್ಲ ಅಂತ." ಬ್ರೆಂಡಾರ ದನಿ ಏರಲಿಲ್ಲ. "ಇನ್ನು ಅವರಿಗೆಲ್ಲ ನೀನೇ ಹೇಳಬೇಕು. ಗುರುವಾರ ಕೌನ್ಸಿಲ್ ಮೀಟಿಂಗಿದೆ. ಜನ ಎದ್ದು ಮಾತಾಡೋಕೆ ಮೂರು ನಿಮಿಷ ಕೊಡ್ತಾರೆ." ಅಷ್ಟು ಹೇಳಿ ಬಾಗಿಲನ್ನು ಮೆಲ್ಲಗೆ ಮುಚ್ಚಿಕೊಂಡರು.

ಅಂದು ಸಂಜೆ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ನಾರಾಯಣಸ್ವಾಮಿ ಉದ್ದವಾಗಿ ಬರೆದರು. ಮೇಧಾಳಿಗೆ ಬೇರೆಯಾಗಿ ಫೋನ್ ಮಾಡಿ, ಬಾಯಿ ಕಟ್ಟಿದ್ದಕ್ಕೆ ಕ್ಷಮೆ ಕೇಳಿದರು. ಜಯಣ್ಣ ಕೂಡಲೇ ಕರೆ ಮಾಡಿದ.

"ಏನ್ ಸ್ವಾಮಿಗಳೇ, ನಾವೇನ್ ಸಣ್ಣ ಹುಡುಗ್ರಾ? ಆ ಕಾಗದದ ಹಿಂದ್ಗಡೆ ನಮ್ಮನೇಲೂ ಇತ್ತು. ಬಿಡ್ರಿ ಅತ್ಲಾಗೆ."

"ಇತ್ತು ಜಯಣ್ಣ. ಮುಟ್ಟಬೇಡಿ ಅಂದವನು ನಾನು."

"ಮುಂದಿನ ಸಲಕ್ಕಾತು, ಈಗ್ಲೇ ಎಲ್ರೂ ಹೆಸ್ರು ಬರೆಸೋಣ."

"ಬರೆಸಿ. ಆದ್ರೆ ನೀವೇ ಓದಿ ಬರೆಸಿ." ಮುಂದಿನ ಸಲಕ್ಕೆ ಈ ಭವನ ಇರುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಜಯಣ್ಣ ತಮಾಷೆ ನಿಲ್ಲಿಸಿ, ಊಟ ಆಯ್ತಾ ಎಂದು ಕೇಳಿ ಫೋನ್ ಇಟ್ಟ.

ಗುರುವಾರದ ಸಭೆಗೆ ಮೂವತ್ತು ಮಂದಿ ಬಂದಿದ್ದರು. ಬ್ರೆಂಡಾ ಎರಡನೆಯ ಸಾಲಿನಲ್ಲಿ ನೆಟ್ಟಗೆ ಕುಳಿತಿದ್ದರು. ಭಾಗೀರಥಿ ಬಾಗಿಲ ಬಳಿಯ ಕುರ್ಚಿಯಲ್ಲಿ ಕುಳಿತರು. ಅಧ್ಯಕ್ಷೆ ಕೈ ತೋರಿಸಿದಾಗ ನಾರಾಯಣಸ್ವಾಮಿ ಮುಂದೆ ಹೋಗಿ ನಿಂತರು. ಬರೆದು ತಂದಿದ್ದ ಚೀಟಿಯನ್ನು ಒಮ್ಮೆ ನೋಡಿದರು. ಅದನ್ನು ಜೇಬಿಗೆ ಹಾಕಿದರು.

"ಕನ್ನಡ ತರಗತಿಯವರು ಮತ ಹಾಕಲು ಬರಲಿಲ್ಲ ಎಂದು ಕೆಲವರು ಹೇಳುತ್ತಿದ್ದೀರಿ. ಅದು ನಿಜ. ಅವರಿಗೆ ಹಕ್ಕಿತ್ತು. ಹಕ್ಕಿಲ್ಲ ಎಂದು ಅವರಿಗೆ ಹೇಳಿದವನು ನಾನು. ಬ್ರೆಂಡಾ ಅವರಿಗೂ ಹಾಗೆಯೇ ಹೇಳಿದೆ. ಅವರು ನಂಬಿದರು. ಅವರಾರೂ ಸೋಮಾರಿಗಳಲ್ಲ, ಬ್ರೆಂಡಾ ಸುಳ್ಳು ಹೇಳಿದವರಲ್ಲ. ಓದದೆ ಮಾತಾಡಿದವನು ನಾನೊಬ್ಬ."

ಹಿಂದಿನ ಸಾಲಿನಿಂದ ಒಬ್ಬ, "ಅಂದರೆ ಭವನ ಉಳೀತಿತ್ತು ಅಂತೀರಾ?" ಎಂದು ಕೇಳಿದ.

"ಎಲ್ಲರೂ ಬಂದಿದ್ದರೆ, ಉಳಿಯುತ್ತಿತ್ತು."

ಅಧ್ಯಕ್ಷೆ ಕನ್ನಡಕ ತೆಗೆದು, ಮತದಾನದ ಫಲಿತಾಂಶ ಬದಲಾಗುವುದಿಲ್ಲ, ಡಿಸೆಂಬರಿನ ತೀರ್ಮಾನವೂ ಬದಲಾಗುವುದಿಲ್ಲ, ಆದರೆ ಅವರು ಹೇಳಿದ್ದನ್ನು ನಡಾವಳಿಯಲ್ಲಿ ದಾಖಲಿಸುತ್ತೇವೆ ಎಂದರು. ಗುಮಾಸ್ತೆ ತಲೆಯೆತ್ತಿ ಹೆಸರಿನ ಅಕ್ಷರಗಳನ್ನು ಕೇಳಿದಳು. ತುಂಬಿದ ಸಭೆಯಲ್ಲಿ ಅವರು ತಮ್ಮ ಉದ್ದದ ಹೆಸರನ್ನು ಒಂದೊಂದೇ ಅಕ್ಷರವಾಗಿ ಹೇಳಿದರು. ಒಂದು ಕಡೆ ಆಕೆಗೆ ತಪ್ಪಿತು. ಮತ್ತೆ ಮೊದಲಿಂದ ಹೇಳಿದರು.

ಹಿಂದಿರುಗುವಾಗ ಎಲ್ಲಿ ಕೂರಬೇಕೆಂದು ಅವರಿಗೆ ತೋಚಲಿಲ್ಲ. ಬ್ರೆಂಡಾ ಪಕ್ಕದ ಕುರ್ಚಿಯ ಮೇಲಿಟ್ಟಿದ್ದ ತಮ್ಮ ಚೀಲವನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡರು. ಇವರ ಕಡೆ ತಿರುಗಿ ನೋಡಲಿಲ್ಲ. ನಾರಾಯಣಸ್ವಾಮಿ ಅಲ್ಲಿ ಕುಳಿತರು. ಅಧ್ಯಕ್ಷೆ ಮುಂದಿನ ವಿಷಯಕ್ಕೆ ಹೋದರು. ಕಾಲುವೆ ದಂಡೆಯ ಕಸದ ಡಬ್ಬಿಗಳು ತುಂಬಿ ಚೆಲ್ಲುತ್ತಿವೆ ಎಂಬ ದೂರು. ಇಬ್ಬರೂ ಅದನ್ನು ಕೊನೆಯವರೆಗೆ ಕೇಳಿಸಿಕೊಂಡರು.