ಮೊದಲು ಊರು, ಆಮೇಲೆ ಹೆಸರು

ಹುಟ್ಟಿದಾಗಿನಿಂದ ನನಗೆ ಕಣ್ಣು ಕಾಣುವುದಿಲ್ಲ. ಹಟಕ್ಕೇನೂ ಕೊರತೆಯಿಲ್ಲ. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಕೋಲಾರದ ಒಂದು ಕಚೇರಿಯಲ್ಲಿ ಫೋನ್ ಎತ್ತುವ ಕೆಲಸದಲ್ಲಿದ್ದ ನಾನು, ಜನರಿಂದ ಅರ್ಜಿ ತೆಗೆದುಕೊಳ್ಳುವ ಕೌಂಟರ್ ಕೊಡಿ ಎಂದು ಸಾಹೇಬರ ಬೆನ್ನು ಬಿದ್ದೆ. ಒಂದು ತಿಂಗಳು ನೋಡೋಣ, ಕಾದು ಕಾದು ಜನ ಗೊಣಗಿದರೆ ಮತ್ತೆ ಫೋನೇ ಗತಿ ಎಂದರು ಅವರು.

ನನ್ನ ಕಂಪ್ಯೂಟರಿನಲ್ಲಿ ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದುವ ಸ್ಕ್ರೀನ್ ರೀಡರ್ ಇತ್ತು. ಆದರೆ ಅರ್ಜಿಯ ಪುಟಕ್ಕೆ ಬಂದರೆ ಅದರ ನಾಲಿಗೆ ಹೊರಳುತ್ತಿರಲಿಲ್ಲ. ಯಾವ ಖಾನೆಗೆ ಹೋದರೂ ‘ಎಡಿಟ್’, ಎಂದರೆ ಇಲ್ಲಿ ಬರೆಯಬಹುದು, ಎನ್ನುತ್ತಿತ್ತು ಅಷ್ಟೇ. ಇದು ಯಾವ ಖಾನೆ ಎಂದು ಪಕ್ಕದ ಕೌಂಟರಿನ ಅಕ್ಕನನ್ನೇ ಕೇಳಬೇಕು. ಲಕ್ಕೂರಿನಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಅವರು ತಮ್ಮ ಕೆಲಸ ಬಿಟ್ಟು ಬಗ್ಗಿ ನೋಡಿ ಹೇಳುತ್ತಿದ್ದರು. ಒಳ್ಳೆಯವರೇ. ಆದರೂ ದಿನಕ್ಕೆ ನೂರು ಸಲ ಇನ್ನೊಬ್ಬರನ್ನು ಕೇಳುವುದೆಂದರೆ ನನಗೆ ಮೈ ಉರಿಯುತ್ತಿತ್ತು.

ಸ್ಕ್ರಿಪ್ಟ್ ಬರೆದು ಸ್ಕ್ರೀನ್ ರೀಡರಿಗೆ ಹೊಸ ಮಾತು ಕಲಿಸಬಹುದು ಎಂಬುದು ಅದರ ಸಹಾಯ ಪುಟಗಳಿಂದಲೇ ತಿಳಿಯಿತು. ಇಂಥ ಖಾನೆಗೆ ಬಂದಾಗ ಇಂಥದ್ದು ಹೇಳು, ಇಂಥ ಕೀಲಿ ಒತ್ತಿದರೆ ಇಂಥಲ್ಲಿಗೆ ಹೋಗು ಎಂದು ಬರೆದುಕೊಡುವುದು. ಕಲಿಸುವವರು ಯಾರೂ ಇರಲಿಲ್ಲ. ಊಟದ ಬಿಡುವಿನಲ್ಲಿ ಬಲಗೈಯಲ್ಲಿ ಚಿತ್ರಾನ್ನ ತಿನ್ನುತ್ತಾ ಎಡಗೈಯಲ್ಲಿ ಟೈಪ್ ಮಾಡಿದೆ. ಮೊದಲನೆಯ ಸ್ಕ್ರಿಪ್ಟಿನಲ್ಲಿ ಎಲ್ಲಿ ನಿಲ್ಲಿಸಬೇಕೆಂದು ಹೇಳುವುದನ್ನೇ ಮರೆತಿದ್ದೆ. ‘ನೇಮ್, ನೇಮ್, ನೇಮ್’ ಎಂದು ಜಪ ಶುರುವಾಗಿ, ಕಂಪ್ಯೂಟರ್ ಆರಿಸುವವರೆಗೂ ಬಾಯಿ ಮುಚ್ಚಲಿಲ್ಲ. ಅಕ್ಕ ನಕ್ಕು ನಕ್ಕು ಸುಸ್ತಾದರು. ಎರಡು ವಾರದಲ್ಲಿ ಪ್ರತಿಯೊಂದು ಖಾನೆಯೂ ತಾನು ಯಾರೆಂದು ಹೇಳತೊಡಗಿತು. ಖುಷಿ ತಡೆಯಲಾರದೆ ಅಂದು ಅಕ್ಕನಿಗೆ ಮಸಾಲೆ ದೋಸೆ ಕೊಡಿಸಿದೆ.

ಆದರೂ ನನ್ನ ಸಾಲು ಕರಗುತ್ತಿರಲಿಲ್ಲ. ಪುಟದಲ್ಲಿ ಮೊದಲು ಹೆಸರು, ಆಮೇಲೆ ತಂದೆಯ ಹೆಸರು, ಕೊನೆಗೆ ಊರು. ನಮ್ಮ ಜನರದ್ದು ತಿರುಗುಮುರುಗು. ಹೆಸರೇನು ಎಂದರೆ ‘ಮಾದಿ ಕುರುಡುಮಲಮ್ಮಾ’, ನಮ್ಮದು ಕುರುಡುಮಲೆ ಕಣಮ್ಮಾ, ಎಂದು ತೆಲುಗಿನಲ್ಲಿ ಊರು ಹೇಳುವರು. ಆಮೇಲೆ ಯಾರ ಮಗ, ಯಾರ ಸೊಸೆ. ತಮ್ಮ ಹೆಸರು ಎಲ್ಲಕ್ಕಿಂತ ಕೊನೆಗೆ, ಅದೂ ಬೇರೆ ಯಾರದೋ ಹೆಸರು ಹೇಳುವ ಹಾಗೆ. ಹೆಸರು ಮೊದಲು ಹೇಳಿ ಎಂದು ನಾನು ಗದರುತ್ತಿದ್ದೆ. ತಿಂಗಳು ಮುಗಿಯಲು ಮೂರು ದಿನವಿದ್ದಾಗ ಶ್ರೀನಿವಾಸಪುರದ ಕಡೆಯ ಅಜ್ಜಿಯೊಬ್ಬರು ನನ್ನ ಬಾಯಿ ಮುಚ್ಚಿಸಿದರು.

“ಯಾವೂರು ಅಂತ ಗೊತ್ತಾಗ್ದೆ ಬರೀ ಹೆಸ್ರು ತಗೊಂಡು ಏನ್ ಮಾಡ್ತೀಯಮ್ಮಾ?”

ಅವರಿಗೆ ಸಿಟ್ಟು ಬಂದಿರಲಿಲ್ಲ, ನಿಜವಾಗಿಯೇ ಕೇಳಿದ್ದರು. ನಮ್ಮಮ್ಮನೂ ಮನೆಗೆ ಯಾರೇ ಬರಲಿ ಮೊದಲು ಕೇಳುವುದು ಊರನ್ನೇ. ಕಂಪ್ಯೂಟರಿಗೆ ಬುದ್ಧಿ ಹೇಳಬೇಕಾದವಳು ಜನರಿಗೆ ಹೇಳುತ್ತಾ ಕೂತಿದ್ದೆನಲ್ಲ ಎಂದು ನಾಚಿಕೆಯಾಯಿತು.

ಆ ಮಧ್ಯಾಹ್ನ ಊಟ ಬಿಟ್ಟು ಸ್ಕ್ರಿಪ್ಟನ್ನು ತಿದ್ದಿದೆ. ಈಗ ಒಂದೇ ಕೀಲಿ ಒತ್ತಿದರೆ ಮೊದಲು ಊರಿನ ಖಾನೆ, ಮತ್ತೆ ಒತ್ತಿದರೆ ತಂದೆಯದು, ಕೊನೆಗೆ ಹೆಸರು. ಮರುದಿನದಿಂದ ಯಾವೂರು ಎಂದೇ ಕೇಳಿದೆ. ಅವರು ತಮ್ಮ ಪಾಡಿಗೆ ಹೇಳುತ್ತಾ ಹೋದರು, ನನ್ನ ಬೆರಳುಗಳು ಹಿಂದೆಯೇ ಓಡಿದವು. ಗದರುವ ಪ್ರಮೇಯವೇ ಬರಲಿಲ್ಲ.

ಕೊನೆಯ ದಿನ ಸಾಹೇಬರು ಬಂದು ನನ್ನ ಬೆನ್ನ ಹಿಂದೆ ನಿಂತರು. ಅವರ ಚಪ್ಪಲಿಯ ಸದ್ದು ನನಗೆ ಗೊತ್ತು. ಅಷ್ಟರಲ್ಲಿ ಅಕ್ಕನ ಸಾಲಿನಲ್ಲಿದ್ದ ಕೆಲವರು ನನ್ನ ಸಾಲಿಗೆ ಜಾರಿಕೊಂಡರು. ಈ ಕೌಂಟರ್ ಇನ್ನು ಇವರಿಗೇ ಇರಲಿ ಎಂದು ಹೇಳಿ ಸಾಹೇಬರು ಹೊರಟುಹೋದರು. ನನಗೆ ಅಳು ಬಂತು. ಎಲ್ಲರೆದುರೇ ಅತ್ತೆ.

ಅಕ್ಕ ಕುರ್ಚಿ ಎಳೆದುಕೊಂಡು ಹತ್ತಿರ ಬಂದರು. ಸಮಾಧಾನ ಮಾಡುತ್ತಾರೆ ಅಂದುಕೊಂಡೆ.

“ಲೇ, ಆ ಸ್ಕ್ರಿಪ್ಟ್ ನನ್ನ ಕಂಪ್ಯೂಟರ್‌ಗೂ ಹಾಕ್ಕೊಡೇ.”

ಹಾಗಾದರೆ ಸ್ಕ್ರೀನ್ ರೀಡರನ್ನೂ ಹಾಕಬೇಕು, ದಿನವಿಡೀ ಅದರ ವಟವಟ ಕೇಳಬೇಕಾಗುತ್ತದೆ ಎಂದೆ, ಮೂಗು ಒರೆಸಿಕೊಳ್ಳುತ್ತಾ.

“ಇಪ್ಪತ್ತು ವರ್ಷದಿಂದ ನಿಮ್ಮ ಭಾವನ್ ಮಾತು ಕೇಳ್ಕೊಂಡು ಬಂದಿದೀನಿ ಕಣೇ. ಇದು ಕೆಲ್ಸಾನಾದ್ರೂ ಮಾಡುತ್ತೆ.”